ಖಣಿಯ ನೀರು, ಮೈನಸ್ ಮೂರು

ಮೈನಸ್ ಇನ್‌ಟು ಮೈನಸ್ ಪ್ಲಸ್. ಕಾನ್ವೆಂಟಿನಲ್ಲಿ ಇದನ್ನು ನಾವು ಪ್ರೇಯರ್ ಹಾಗೆ ಕೈಕಟ್ಟಿ ನಿಂತು ಹೇಳುತ್ತಿದ್ದೆವು. ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. "ಇಟ್ ಈಸ್ ಎ ರೂಲ್, ಚೈಲ್ಡ್," ಎಂದಿದ್ದರು ಸಿಸ್ಟರ್. ನನಗೆ ಜೀವಮಾನವೆಲ್ಲ ಅಷ್ಟೇ ಸಾಕಾಯಿತು. ವಾಡಿ ಜಂಕ್ಷನ್ನಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದೆ; ಗಣಿತದ ಗೊಡವೆಯೇ ಬರಲಿಲ್ಲ.

ಹೋದ ಮಳೆಗಾಲದಲ್ಲಿ ಮೂವತ್ತರ ಆಸುಪಾಸಿನ ಒಬ್ಬಳು ಬಾಗಿಲಿಗೆ ಬಂದಳು. ರಾವೂರ ಕಡೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಅವಳ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದು ಉಳಿದಿತ್ತು. ಅದು ಪಾಸಾದರೆ ಸುಲೇಪೇಟದ ಹತ್ತಿರ ತವರೂರಿನ ಅಂಗನವಾಡಿಯಲ್ಲಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಬಹುದು, ಕಲ್ಲು ಹೊರುವುದು ತಪ್ಪುತ್ತದೆ, ಗಣಿತ ಹೇಳಿಕೊಡಿ ಎಂದಳು.

"ನಾ ಇಂಗ್ಲಿಷ್ ಟೀಚರ್ ಇದ್ದೆ, ತಂಗಿ."

"ಇರ್ಲಿ ಬಿಡ್ರಿ ಅಕ್ಕೋರೆ. ನನಗ ಎರಡೂ ಬರಂಗಿಲ್ಲ."

ನಕ್ಕುಬಿಟ್ಟೆ. ನನ್ನ ಮನೆಯಲ್ಲಿ ನಗು ಕೇಳಿ ನನಗೇ ಗಾಬರಿಯಾಯಿತು. ಹಾಲಿನವಳು, ಮೀಟರ್ ನೋಡುವವನು ಬಿಟ್ಟರೆ ಆ ಹೊಸ್ತಿಲು ಯಾರನ್ನೂ ಕಂಡಿರಲಿಲ್ಲ.

ದಿನಾ ಸಂಜೆ ಐದಕ್ಕೆ ಬರುತ್ತಿದ್ದಳು. ಎಲ್ಲವನ್ನೂ ಚುರುಕಾಗಿ ಹಿಡಿದಳು, ಒಂದೇ ಕಡೆ ಸಿಕ್ಕಿಬಿದ್ದಳು. ಮೈನಸ್ ಎರಡನ್ನು ಮೈನಸ್ ಮೂರರಿಂದ ಗುಣಿಸಿದರೆ ಪ್ರತಿಸಲವೂ ಮೈನಸ್ ಆರು.

"ತಳಕ್ಕ ಹೋಗಿ, ಮತ್ತ ತಳಕ್ಕಂದ್ರ ಇನ್ನೂ ತಳಕ್ಕೇ ಹೋಗಬೇಕಲ್ರಿ? ಖಣಿ ಕಡದಷ್ಟೂ ಆಳ ಆಗ್ತದ. ಒಮ್ಮಿಗೇ ಮ್ಯಾಲ ಹೆಂಗ ಬರ್ತದ?"

"ರೂಲ್ ಅದು."

"ಯಾರು ಮಾಡ್ಯಾರ್ರಿ? ಅವ್ರು ಖಣಿ ನೋಡಿಲ್ಲ, ಕಾಣಸ್ತದ." ಆಮೇಲೆ ಮೆಲ್ಲಗೆ, "ಇದೊಂದು ತಿಳದ್ರ ಉಳದದ್ದು ನಾನೇ ಮಾಡ್ಕೋತೀನಿ. ನಿಮಗ್ಯಾಕ ದಿನಾ ತ್ರಾಸು," ಎಂದಳು.

ಒಂದು ದಿನ ತಡವಾಗಿ ಬಂದಳು. ಕಾಲಿಗೆಲ್ಲ ಬಿಳಿ ಕೆಸರು. ಮಳೆಗೆ ಖಣಿ ತುಂಬಿತ್ತಂತೆ. ನೀರು ಎತ್ತುವ ಮೋಟಾರಿನ ಹತ್ತಿರ ಇವಳನ್ನು ಕೂರಿಸಿದ್ದರಂತೆ.

"ತಾಸಿಗೆ ಎರಡು ಪದರು ಕಲ್ಲು ಇಳ್ಯಾಕತ್ತದ ನೀರು. ನಾ ಬರೂ ಹೊತ್ತಿಗೆ ಖಣಿ ಗ್ವಾಡಿಯ ಕೆಂಪು ಪದರಿಗೆ ಬಂದಿತ್ತು."

ಚಹಾ ಸೋಸುತ್ತಿದ್ದ ಕೈ ನಿಂತಿತು. ಮೂರು ತಾಸಿನ ಹಿಂದೆ ನೀರು ಎಲ್ಲಿತ್ತು? ಆರು ಪದರು ಮೇಲೆ. ಇಳಿತವೂ ಮೈನಸ್, ಹಿಂದಿನ ಹೊತ್ತೂ ಮೈನಸ್, ಉತ್ತರ ಪ್ಲಸ್. ನನ್ನ ಈ ವಯಸ್ಸಿಗೆ, ಅಡುಗೆಮನೆಯಲ್ಲಿ!

ಆದರೆ ಹೇಳಲಿಲ್ಲ. "ಬೈ ಹಾರ್ಟ್ ಮಾಡು," ಎಂದೆ. ಮರುದಿನವೂ ಅದನ್ನೇ ಎಂದೆ. ಹೇಳಿದರೆ ಐದು ಗಂಟೆ ಮತ್ತೆ ಮೊದಲಿನ ಐದು ಗಂಟೆಯಾಗುತ್ತದೆ: ಸ್ಟೇಶನ್ನಿನ ಅನೌನ್ಸ್‌ಮೆಂಟ್, ನಾನು, ಖಾಲಿ ಕುರ್ಚಿ. ಸೆಲ್ಫಿಶ್ ಎಂದು ಗೊತ್ತಿತ್ತು. ಗೊತ್ತಿದ್ದೇ ನಾಲ್ಕು ದಿನ ಕಳೆದೆ.

ಐದನೆಯ ದಿನ ಅವಳು ಬಂದು ನಿಂತೇ ಇದ್ದಳು. ನಾನು ಕೊಟ್ಟ ಪುಸ್ತಕವನ್ನು ಕಟ್ಟೆಯ ಮೇಲಿಟ್ಟಳು.

"ಪರೀಕ್ಷಾ ಕಟ್ಟಂಗಿಲ್ರಿ. ನನ್ನ ತಲ್ಯಾಗ ಫರಸೀನೇ ತುಂಬ್ಯಾವ."

"ಕುಂದ್ರು," ಎಂದೆ. "ಆವತ್ತು ನೀರು ಕೆಂಪು ಪದರಿಗೆ ಬಂದಿತ್ತಲ್ಲ, ಅದಕ್ಕಿಂತ ಮೂರು ತಾಸು ಹಿಂದ ಎಲ್ಲಿತ್ತು?"

"ಆರು ಪದರು ಮ್ಯಾಲ." ಯೋಚನೆಯನ್ನೇ ಮಾಡಲಿಲ್ಲ.

"ತಾಸಿಗೆ ಎರಡು ಇಳೀತದ, ಅದು ಮೈನಸ್ ಎರಡು. ಮೂರು ತಾಸು ಹಿಂದಕ್ಕ, ಅದು ಮೈನಸ್ ಮೂರು."

ಬೆರಳು ಮಡಚಿದಳು, ಬಿಚ್ಚಿದಳು. ಆಮೇಲೆ ಧೊಪ್ಪನೆ ಕುಳಿತು ನನ್ನ ಮೊಣಕಾಲಿಗೆ ಹೊಡೆದಳು.

"ಅಯ್ಯ, ಹಿಂದ ಹೋದ್ರ ನೀರು ಮ್ಯಾಲೇ ಇರ್ತದಲ್ರಿ! ಇಷ್ಟೇನಾ? ನಿಮಗ ಯಾವಾಗ ಹೊಳೀತ್ರಿ ಇದು?"

"ಈಗ," ಎಂದೆ.

ಪಾಸಾದಳು, ಕೆಲಸವೂ ಸಿಕ್ಕಿತು. ಆಗಾಗ ಫೋನ್ ಮಾಡುತ್ತಾಳೆ, ಹಿಂದೆ ಮಕ್ಕಳ ಗಲಾಟೆ. "ಎಲ್ಲಾ ನಿಮ್ಮಿಂದರಿ ಅಕ್ಕೋರೆ," ಎನ್ನುತ್ತಾಳೆ. ಆ ನಾಲ್ಕು ದಿನದ ಮಾತು ನಾಲಿಗೆಯವರೆಗೆ ಬರುತ್ತದೆ. "ಚಹಾ ಆತೇನವಾ?" ಎಂದು ಕೇಳುತ್ತೇನೆ.