ಮಾನೋಮಿ ಪದ ಬಿಟ್ಟುಹೋದ ಮನೆ

ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ, ಅಣಕ. ಹೊನ್ನಾಳಿಯಲ್ಲಿ ಅಮಲ್ದಾರರ ಕೆಮ್ಮು ಕಲಿತೆ. ನ್ಯಾಮತಿಯಲ್ಲಿ ಇನ್‌ಸ್ಪೆಕ್ಟರು ಕೂರುವ ಮುಂಚೆ ಕುರ್ಚಿಯನ್ನು ಮೂರು ಸಲ ಒರೆಸುವುದನ್ನು ಕಲಿತೆ. ಪಾಠ ಹೇಳುವುದನ್ನು ಮಾತ್ರ ಎಲ್ಲೂ ಕಲಿಯಲಿಲ್ಲ. ಅದಕ್ಕೇ ಇರಬೇಕು, ವರ್ಷಕ್ಕೊಂದು ವರ್ಗವಾಗಿ ಕೊನೆಗೆ ಜಗಳೂರು ಸೀಮೆಗೆ, ಸೊಕ್ಕೆಯಿಂದಾಚೆಯ ಒಂದು ಹಳ್ಳಿಗೆ ಬಂದು ಬಿದ್ದೆ. ಯುದ್ಧದ ಕಾಲ. ದೀಪಕ್ಕೆ ಸೀಮೆಎಣ್ಣೆ ಇಲ್ಲ, ಅಂಗಿಗೆ ಬಟ್ಟೆ ಇಲ್ಲ. ಇಪ್ಪತ್ನಾಲ್ಕರ ವಯಸ್ಸಿಗೆ ಅರವತ್ತರ ಸುಸ್ತು. ನಾನು ಕಾಲೆಳೆದುಕೊಂಡು ನಡೆದರೆ ಮಕ್ಕಳು ಹೆಡ್ ಮೇಷ್ಟ್ರ ಅಣಕ ಎಂದು ನಗುತ್ತಿದ್ದರು. ಅದು ನನ್ನದೇ ನಡಿಗೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಆ ಶಾಲೆಗೆ ನಾವಿಬ್ಬರೇ, ಹೆಡ್ ಮೇಷ್ಟ್ರು ಮತ್ತು ನಾನು. ಮಹಾನವಮಿ ಹತ್ತಿರ ಬಂದಂತೆ ಕೆರೆ ಕಡೆ ಓಣಿಯ ಮಕ್ಕಳು ಒಬ್ಬೊಬ್ಬರಾಗಿ ಮಾಯವಾದರು. "ಹೊಟ್ಟೆನೋವು ಐತ್ರಿ", "ಅಜ್ಜಿ ಊರಿಗೆ ಹೋಗ್ಯಾನ್ರಿ" ಎಂದು ತಾಯಂದಿರು ಹೇಳಿದ್ದನ್ನು ಅವರವರ ದನಿಯಲ್ಲೇ ನಾನು ಒಪ್ಪಿಸಿದರೆ ಹೆಡ್ ಮೇಷ್ಟ್ರು ನಶ್ಯ ನೆತ್ತಿಗೇರುವಷ್ಟು ನಗುತ್ತಿದ್ದರು. ನ್ಯಾಮತಿಯಲ್ಲೂ ಹೀಗೇ ಆಗಿತ್ತು. ಅಲ್ಲೂ ನಕ್ಕಿದ್ದೆ, ಯಾಕೆ ಎಂದು ಕೇಳಿರಲಿಲ್ಲ.

ಆ ಓಣಿಯಿಂದ ಒಬ್ಬ ಹುಡುಗ ಮಾತ್ರ ತಪ್ಪದೆ ಬರುತ್ತಿದ್ದ. ನಾಲ್ಕನೇ ಕ್ಲಾಸು, ಒಳ್ಳೆಯ ಕಂಠ. ಉಳಿದವರೆಲ್ಲಿ ಎಂದು ಅವನನ್ನೇ ಕೇಳಿದೆ.

"ನೀವು ಪದ ಹಾಡ್ಕೋತ ಮನೆಮನೆಗೆ ಬರ್ತೀರಲ್ರಿ. ಬಂದ ಮೇಷ್ಟ್ರನ್ನ ಬರಿಗೈಲಿ ಕಳಿಸಾಕೆ ಬರಲ್ಲ. ಹುಡುಗ ಸಾಲಿಗೇ ಹೋಗಲ್ಲ ಅಂದ್ರೆ ಆಗ ನೀವು ಬರಲ್ಲ."

ಮಾನೋಮಿ ಪದ ಎಂದರೆ ಇಷ್ಟೇ: ಮಕ್ಕಳಿಗೆ ಬಣ್ಣದ ಕಾಗದದ ಕಿರೀಟ ಕಟ್ಟಿ, ಕೈಗೆ ಕೋಲು ಕೊಟ್ಟು, ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳ ಮುಂದೆ ನಿಂತು ಹರಸಿ ಹಾಡಿಸುವುದು. ಮನೆಯವರು ಮೇಷ್ಟ್ರಿಗೆ ಕಾಳು, ಕಾಯಿ, ಬೆಲ್ಲ ಕೊಡುವುದು. ನಾವು ಅದನ್ನು ಆಶೀರ್ವಾದ ಎಂದುಕೊಂಡಿದ್ದೆವು. ಕೆರೆ ಕಡೆ ಓಣಿಗೆ ಅದು ಜಪ್ತಿ.

ನನ್ನ ಬುದ್ಧಿ ಚುರುಕಾಯಿತು. "ಕೊಡಲಾರದವರ ಮನೆಗಳನ್ನ ಬಿಟ್ಟುಬಿಡೋಣ ಸಾರ್" ಎಂದು ಹೆಡ್ ಮೇಷ್ಟ್ರಿಗೆ ಹೇಳಿದೆ.

"ಬಿಟ್ರೆ ಏನ್ ಅನ್ಕೊಂತಾರೋ, ಅಪ್ಪಾ."

"ಬದುಕಿದೆವು ಅನ್ಕೊಂತಾರೆ."

ಅವರಿಗೂ ಮಂಡಿನೋವು. ಒಂದು ಓಣಿ ಕಡಿಮೆಯಾದರೆ ಬೇಡವೆನ್ನಲಿಲ್ಲ. ಆ ರಾತ್ರಿ ನನ್ನ ದಯಾಗುಣವನ್ನು ನಾನೇ ಮೆಚ್ಚಿಕೊಂಡು ಮಲಗಿದೆ.

ಹಬ್ಬದ ದಿನ ಆ ಹುಡುಗನೇ ಮುಂದಾಳು. ಮೇಲಿನ ಓಣಿ ಮುಗಿಸಿ ಕೆರೆ ಕಡೆ ತಿರುಗುವ ಮೂಲೆಗೆ ಬಂದೆವು. ಮೊದಲನೆಯದೇ ಅವನ ಮನೆ. ಅಂಗಳ ಸಾರಿಸಿ ರಂಗೋಲಿ ಇಟ್ಟಿತ್ತು. ಅವನ ತಾಯಿ ಮೊರದ ತುಂಬ ನವಣೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ನಾನು ಕಂಡೆ. ಕಂಡೂ, ಮೊದಲೇ ಮಾತಾಗಿದೆಯಲ್ಲ ಎಂದು ಮಕ್ಕಳನ್ನು ಊರಬಾಗಿಲ ಕಡೆ ತಿರುಗಿಸಿದೆ. ಹುಡುಗನ ಕೋಲು ನಿಂತಿತು. ಹಾಡು ಅವನಿಲ್ಲದೆ ಮುಂದೆ ಹೋಯಿತು.

ಮರುದಿನ ಶಾಲೆಯ ಕಟ್ಟೆಯ ಮೇಲೆ ಕಿರೀಟ ಇತ್ತು, ಹುಡುಗ ಇರಲಿಲ್ಲ. ಓಣಿಯವರು ಅಡಿಕೆ ಸುಲಿಯಲು ಚನ್ನಗಿರಿ ಸೀಮೆಯ ನಲ್ಲೂರಿಗೆ ಬಂಡಿ ಕಟ್ಟುತ್ತಿದ್ದಾರೆ, ಅವನನ್ನೂ ಕರೆದುಕೊಂಡು ಹೋಗುತ್ತಾರೆ ಎಂದು ಮಕ್ಕಳು ಹೇಳಿದರು. ಹೋದವರು ಮತ್ತೆ ಶಾಲೆಗೆ ಬರುವುದು ಅಪರೂಪ. ಮಧ್ಯಾಹ್ನವೇ ಅವರ ಮನೆಗೆ ಹೋದೆ. ನಗಿಸಿದರೆ ಅರ್ಧ ಕೆಲಸ ಆದಂತೆ ಎಂದು ಹೆಡ್ ಮೇಷ್ಟ್ರ ದನಿಯಲ್ಲಿ ಕೆಮ್ಮಿದೆ. ಆಕೆ ನಗಲಿಲ್ಲ.

"ಕುಂದರ್ರಿ ಸಣ್ಣ ಮೇಷ್ಟ್ರೇ. ನಮಗೆ ಕೊಡಾಕೆ ಆಗಲ್ಲ ಅಂತ ನಿಮಗ್ಯಾರು ಹೇಳಿದ್ರು?"

"ನಿಮಗೆ ಹೊರೆಯಾಗಬಾರದು ಅಂತ, ಅಕ್ಕಾ..."

"ಹೋದ್ವರ್ಷ ಇವನ್ನ ಅಟ್ಟದ ಮ್ಯಾಲೆ ಬಚ್ಚಿಟ್ಟಿದ್ದೆ. ಈ ವರ್ಷ ಎಂಟು ದಿನ ಕಳೆ ತೆಗೆದು ನವಣೆ ತಂದಿದ್ದೆ. ಕೊಡಾಕೆ ಐತೆ ಅಂತಲೇ ಇವನ್ನ ಕಳಿಸಿದ್ದು. ಓಣಿಗೆ ಓಣಿನೇ ನೋಡ್ತಿತ್ತು. ನೀವು ಮಾರಿ ತಿರುವಿದ್ರಿ."

ಹುಡುಗ ಗೋಡೆಗೆ ಒರಗಿ ಕೂತಿದ್ದ. ನನ್ನ ಕಡೆ ನೋಡಲಿಲ್ಲ.

"ತಪ್ಪಾಯ್ತು. ನಾಳೆ ಎಲ್ಲರನ್ನೂ ಕರ್ಕೊಂಡು ಬಂದು ಹಾಡ್ತೀವಿ" ಅಂದೆ.

"ಹಬ್ಬ ಮುಗೀತಲ್ರೀ. ಈಗ ಹಾಡಿದ್ರೆ ನಗ್ತಾರೆ, ನಿಮ್ಮನ್ನೂ, ನಮ್ಮನ್ನೂ." ಒಳಗೆ ಹೋಗಿ ನವಣೆಯ ಮೊರ ತಂದಳು. "ಮೇಷ್ಟ್ರ ಪಾಲು ಮೇಷ್ಟ್ರಿಗೆ. ಹಿಡೀರಿ."

ಬೇಡ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಟವೆಲು ಹಾಸಿ ಅಷ್ಟನ್ನೂ ಕಟ್ಟಿಕೊಂಡೆ. ಆಮೇಲೆ, ಮೂರು ವರ್ಷದಲ್ಲಿ ಯಾವ ಮನೆಯಲ್ಲೂ ಕೇಳದಿದ್ದ ಪ್ರಶ್ನೆ ಕೇಳಿದೆ.

"ಇವನು ಓದಬೇಕು ಅಂದ್ರೆ ನಿಮಗೆ ಏನು ಮಾಡಿದ್ರೆ ಅನುಕೂಲ?"

ಆಕೆ ಬರಿದಾದ ಮೊರವನ್ನು ಗೋಡೆಗೆ ಒರಗಿಸಿದಳು. "ಬಂಡಿಯವನಿಗೆ ಮಾತು ಕೊಟ್ಟೀನಿ. ಇವನ್ನ ಬಿಟ್ಟು ಹೋಗಾಕೆ ಆಗಲ್ಲ, ಇಲ್ಲಿ ಉಣ್ಣಾಕೆ ಇಡೋರಿಲ್ಲ. ಸಂಕ್ರಾಂತಿಗೆ ಬರ್ತೀವಿ. ಅಲ್ಲೀತನಕ ಇವನ ಹೆಸರು ಹೊಡೀಬ್ಯಾಡ್ರಿ. ಕಲ್ತಿದ್ದು ಮರೀದಂಗೆ ಏನಾರ ಮಾಡಾಕಾದ್ರೆ ಮಾಡ್ರಿ."

ಹಾಜರಿ ಪುಸ್ತಕದಿಂದ ಹೆಸರು ಹೊಡೆಯುವುದಿಲ್ಲ ಎಂದು ಹೆಡ್ ಮೇಷ್ಟ್ರು ಒಪ್ಪಿದರು. ಇನ್‌ಸ್ಪೆಕ್ಟರು ಬಂದರೆ ನಾನೇ ಬೈಸಿಕೊಳ್ಳುತ್ತೇನೆ ಅಂದರು. ಕಲಿತದ್ದು ಮರೆಯದಂತೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ನನ್ನ ಊರೂ ಅದೇ ಸೀಮೆ, ಚನ್ನಗಿರಿ. ದೀಪಾವಳಿ ರಜೆಯಲ್ಲಿ ಊರಿಗೆ ಹೋದವನು ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಲ್ಲೂರಿಗೆ ನಡೆದೆ. ಚಪ್ಪರದ ಕೆಳಗೆ ಇಪ್ಪತ್ತು ಜನ ಹಲಗೆಗೆ ಕೂರಿಸಿದ ಕತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಹುಡುಗನ ಬೆರಳೆಲ್ಲ ಕಂದು. ಸುಮ್ಮನೆ ಕೂತರೆ ಧಣಿ ಎಬ್ಬಿಸಿಯಾನೆಂದು ನಾನೂ ಒಂದು ಹಲಗೆ ಎಳೆದುಕೊಂಡೆ. ನಾಲ್ಕನೇ ಕಾಯಿಗೆ ಹೆಬ್ಬೆರಳು ಕುಯ್ದುಕೊಂಡೆ.

"ಹಂಗಲ್ರೀ, ಹಿಂಗೆ" ಎಂದ ಹುಡುಗ. ಹಬ್ಬದ ನಂತರ ನನ್ನೊಡನೆ ಆಡಿದ ಮೊದಲ ಮಾತು.

ಸುಲಿಯುತ್ತಲೇ ಹದಿನಾರರ ಮಗ್ಗಿ ಒಪ್ಪಿಸಿದ. ಏಳಕ್ಕೆ ಬಂದು ಎಡವಿದ, ಮತ್ತೆ ಮೊದಲಿನಿಂದ ಹಿಡಿದ. ಬಿಸಿಲೇರುವ ಹೊತ್ತಿಗೆ ನನ್ನ ಬೆನ್ನು ಹಿಡಿದುಕೊಂಡಿತ್ತು. ಏಳುವಾಗ ಕೇಳಿದೆ, "ಅಕ್ಕಾ, ನಾಳೆ ಎಷ್ಟೊತ್ತಿಗೆ ಬರ್ಲಿ?"

"ಹೊತ್ತು ಏರೋದ್ರೊಳಗೆ ಬರ್ರಿ" ಎಂದಳು ಆಕೆ, ಕತ್ತಿಯಿಂದ ಕಣ್ಣೆತ್ತದೆ. "ಆಮ್ಯಾಲೆ ಅವನಿಗೂ ಸಾಕಾಗಿರ್ತೈತೆ, ನಿಮಗೂ."