ಸದ್ದಿಲ್ಲದೆ ಹೋದ ಕಾರು

ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸಿದಾಗ ಕಕ್ಕೇರಾ ಕಡೆಯ ಒಂದು ತಿರುವಿನಲ್ಲಿ ಬಿಳಿ ಅಂಬಾಸಿಡರ್ ಕಾರಿನ ಮಾಡು ಹೂಳಿನ ಮೇಲೆ ಕಾಣಿಸಿತು. ಕಾಲುವೆ ಬಂದು ಇನ್ನೂ ಬಹಳ ವರ್ಷಗಳಾಗಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಬೀಜ ಗೊಬ್ಬರದ ಅಂಗಡಿಯವರೊಬ್ಬರು ಕಾರಿನ ಸಮೇತ ಕಾಣೆಯಾಗಿದ್ದರು. ಇದು ಅವರದೇ ಕಾರು. ಸ್ಟೇರಿಂಗ್ ಕಡೆಯ ಬಾಗಿಲು ತೆರೆದಿತ್ತು, ಒಳಗೆ ಹೂಳು ಬಿಟ್ಟರೆ ಏನೂ ಇರಲಿಲ್ಲ. ಮನುಷ್ಯ ಸೆಳವಿಗೆ ಸಿಕ್ಕು ಹೋಗಿರಬೇಕೆಂದು ಎಲ್ಲರೂ ತೀರ್ಮಾನಿಸಿದರು.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಶಹಾಪುರದ ನನ್ನ ಗ್ಯಾರೇಜಿಗೆ ತಂದವರು ಅವರ ಹೆಂಡತಿ. ಹಳ್ಳಿಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದರು. ಇದನ್ನು ರಿಪೇರಿ ಮಾಡಿಸುವುದಕ್ಕಿಂತ ಗುಜರಿಗೆ ಹಾಕುವುದು ಮೇಲು ಎಂದೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಚೈನ್ ಕಡದದೇನ್ ನೋಡ್ರಿ ಅಣ್ಣಾರ. ನನಗ ಅದೊಂದು ಹೇಳ್ರಿ ಸಾಕು,” ಅಂದರು.

ಅವರಿಗೆ ಚೈನಿನ ವಿಷಯ ಗೊತ್ತಿರುವುದಕ್ಕೆ ಕಾರಣವಿತ್ತು. ಅವರ ಯಜಮಾನರು ಕಾಣೆಯಾಗುವುದಕ್ಕೆ ಮೊದಲು ಇದೇ ಕಾರನ್ನು ನನಗೆ ತೋರಿಸಿದ್ದರು. ಎಂಜಿನ್ ಮುಂಭಾಗದಲ್ಲಿ ಟೈಮಿಂಗ್ ಚೈನ್ ಸಡಿಲವಾಗಿ, ಡಬ್ಬಿಯಲ್ಲಿ ಮೊಳೆ ಅಲುಗಾಡಿಸಿದಂತೆ ಸಪ್ಪಳ ಬರುತ್ತಿತ್ತು. ಕಡಿದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ ಎಂದು ಹೇಳಿದ್ದೆ. ಬಿತ್ತನೆ ಮುಗಿಯಲಿ, ಆಮೇಲೆ ಗಾಡಿ ತಂದು ಬಿಡುತ್ತೇನೆ ಎಂದು ನಗುತ್ತಾ ಹೋಗಿದ್ದರು.

ಎಂಜಿನ್ ಇಳಿಸಿ, ಡೀಸೆಲ್ ಸುರಿದು ನೆನೆಯಲು ಬಿಟ್ಟೆ. ಮುಂದಿನ ಕವರ್ ತೆಗೆದಾಗ ಚೈನ್ ತುಕ್ಕು ಹಿಡಿದು ಕೆಂಪಾಗಿತ್ತು. ಆದರೆ ಕಡಿದಿರಲಿಲ್ಲ. ಅದು ಎರಡು ಚಕ್ರಗಳ ಮೇಲೆ ಓಡುತ್ತದೆ. ಕೆಳಗಿನದು ಕ್ರ್ಯಾಂಕಿನದು, ಮೇಲಿನದು ವಾಲ್ವುಗಳನ್ನು ಏಳಿಸಿ ಇಳಿಸುವ ಕ್ಯಾಮ್‌ಶಾಫ್ಟಿನದು. ಎರಡರ ಮೇಲೂ ಒಂದೊಂದು ಚುಕ್ಕೆ ಇರುತ್ತದೆ. ಆ ಚುಕ್ಕೆಗಳು ಎದುರುಬದುರು ಬಂದರೆ ಟೈಮಿಂಗ್ ಸರಿ. ಒಂದು ಹಲ್ಲು ಹಾರಿದರೂ ಎಂಜಿನ್‌ಗೆ ಉಸಿರು ಕಟ್ಟುತ್ತದೆ. ಉದ್ದ ಪಾನಾ ಹಾಕಿ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿದೆ. ಕಿರುಗುಟ್ಟುತ್ತಾ ತಿರುಗಿ, ಚುಕ್ಕೆಗಳು ಒಂದರ ಮುಂದೊಂದು ಬಂದು ನಿಂತವು. ಅಷ್ಟು ದಿನ ನೀರಲ್ಲಿದ್ದರೂ ಒಂದು ಹಲ್ಲೂ ತಪ್ಪಿರಲಿಲ್ಲ.

ಆಮೇಲೆ ಪಿಸ್ಟನ್‌ಗಳನ್ನು ಹೊರತೆಗೆದು ಅವುಗಳ ರಾಡುಗಳನ್ನು ನೋಡಿದೆ. ಓಡುತ್ತಿರುವ ಎಂಜಿನ್ ನೀರು ಕುಡಿದರೆ ರಾಡು ಬಾಗದೆ ಇರುವುದು ಅಪರೂಪ. ಯಾಕೆಂದರೆ ನೀರು ಗಾಳಿಯಂತೆ ಅದುಮಿಸಿಕೊಳ್ಳುವುದಿಲ್ಲ. ಇಲ್ಲಿ ಎಲ್ಲವೂ ನೆಟ್ಟಗಿದ್ದವು. ಎಂದರೆ ನೀರಿಗಿಳಿಯುವ ಮೊದಲೇ ಎಂಜಿನ್ ನಿಂತಿತ್ತು. ನಿಂತ ಗಾಡಿ ಕಾಲುವೆಯವರೆಗೆ ಹೇಗೆ ಹೋಯಿತೆಂದು ನನಗೆ ಹೊಳೆಯಲಿಲ್ಲ.

ಟೀಚರ್ ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿದೆ. ಚಾವಿಯಿಂದ ಬಂದ್ ಮಾಡಿದ್ದೋ, ಪೆಟ್ರೋಲ್ ಮುಗಿದು ತಾನೇ ನಿಂತದ್ದೋ ನಾನು ಹೇಳಲಾರೆ, ಚೈನ್ ಮಾತ್ರ ಕಡಿದಿಲ್ಲ ಎಂದೆ. ಅವರು ಚೈನನ್ನು ಕೈಗೆ ತೆಗೆದುಕೊಂಡು ಬೆಂಚಿನ ಮೇಲೆ ಕುಳಿತರು.

“ಅವ್ರು ಕಾಣದಂಗಾದ ಸಂಜಿ ನಾ ಕಟ್ಟಿ ಮ್ಯಾಲೆ ಜ್ವಾಳಾ ಹಸನ ಮಾಡಾಕತ್ತಿದ್ದೆರಿ,” ಅಂದರು. “ಗಾಡಿ ಮನಿ ಮುಂದಿಂದ ಹೋತು. ದಿನಾ ಅದರ ಚೈನಿನ ಸಪ್ಪಳ ದೂರದಿಂದನ ಕೇಳ್ತಿತ್ತು. ಅವತ್ತ ಗಾಲಿ ಕೆಳಗ ಕಲ್ಲು ಹಳ್ಳು ಸೈತ ಸಪ್ಪಳ ಮಾಡ್ಲಿಲ್ಲ. ಒಳಗ ಯಾರೂ ಇರ್ಲಿಲ್ರಿ.”

ಸರಿಯಾಗಿ ಕಂಡಿತ್ತೇ ಎಂದು ಕೇಳಿದೆ.

“ನಮ್ಮನಿ ಮುಂದ ರಸ್ತಾ ತಿರಗತದ. ಸ್ಟೇರಿಂಗ್ ತಾನ ತಿರುಗಿತ್ರಿ.”

ಚೈನ್ ಕಡಿದು, ಎಂಜಿನ್ ಸತ್ತು, ಗಾಡಿ ಉರುಳಿಕೊಂಡು ಹೋಗಿರಬೇಕು, ಯಜಮಾನರು ಒಳಗೆ ಬಗ್ಗಿ ಏನೋ ನೋಡುತ್ತಿದ್ದಿರಬೇಕು. ಇಷ್ಟು ದಿನ ಟೀಚರ್ ಹೀಗೆ ನಂಬಿಕೊಂಡು ಬದುಕಿದ್ದರಂತೆ. ಈ ಮಾತನ್ನು ಬೇರೆ ಯಾರಿಗೂ ಹೇಳಿರಲಿಲ್ಲ.

ಎಂಜಿನ್ ಜೋಡಿಸಿಬಿಡಿ ಎಂದರು. ಎಂಜಿನ್ ಬ್ಲಾಕನ್ನು ರಾಯಚೂರಿಗೆ ಕಳಿಸಿ, ಸಿಲಿಂಡರುಗಳ ತುಕ್ಕು ಹೋಗುವಂತೆ ಬೋರ್ ಮಾಡಿಸಿದೆ. ಹೊಸ ಚೈನ್, ಅದನ್ನು ಬಿಗಿಯಾಗಿ ಒತ್ತಿ ಹಿಡಿಯುವ ಹೊಸ ಟೆನ್ಷನರ್ ಹಾಕಿ, ಚುಕ್ಕೆಗಳನ್ನು ಕೂಡಿಸಿ, ಕೈಯಿಂದಲೇ ಹಲವು ಸುತ್ತು ತಿರುಗಿಸಿ ನೋಡಿದೆ. ಬೆರಳಲ್ಲಿ ಒತ್ತಿದರೆ ಚೈನ್ ತುಸುವೇ ಬಗ್ಗುತ್ತಿತ್ತು. ಸ್ಟಾರ್ಟ್ ಮಾಡಿದಾಗ ಸಪ್ಪಳವಿಲ್ಲದೆ ಓಡಿತು. ಬೇರೆ ಗಾಡಿಯಾಗಿದ್ದರೆ ಖುಷಿಯಾಗುತ್ತಿತ್ತು.

ಕಾರನ್ನು ಅವರ ಮನೆಗೆ ಒಯ್ದದ್ದು ಒಂದು ಸಂಜೆ. ಮನೆ ಕಾಲುವೆ ಪಕ್ಕದ ಹೊಲದಲ್ಲಿತ್ತು. ಅವರು ಕಟ್ಟೆಯ ಮೇಲೆ ಹೋಗಿ ಕುಳಿತು, ಎಂಜಿನ್ ಬಂದ್ ಮಾಡಿ ಮನೆ ಮುಂದಿನಿಂದ ಗಾಡಿ ತಾನೇ ಉರುಳುತ್ತದೆಯೇ ಬಿಟ್ಟು ನೋಡಿ ಎಂದರು. ಬಂದ್ ಮಾಡಿ, ನ್ಯೂಟ್ರಲ್ ಹಾಕಿ, ಬ್ರೇಕ್ ಬಿಟ್ಟೆ. ಕಾರು ಅಲುಗಲಿಲ್ಲ. ಅಲ್ಲಿ ರಸ್ತೆ ಸಮತಟ್ಟು. ಇಳಿದು ನೂಕಿದೆ. ಹಳ್ಳು ಪುಡಿಯಾಗುವ ಸದ್ದು ಮಾಡುತ್ತಾ ನಾಲ್ಕು ಮಾರು ಹೋಗಿ ನಿಂತಿತು. ಕಾಲುವೆಯ ಏರಿ ಅಲ್ಲಿಂದ ಮುಂದೆ ಆಳೆತ್ತರ. ಅದನ್ನು ಹತ್ತದೆ ನೀರಿಗೆ ಬೀಳುವಂತೆಯೇ ಇರಲಿಲ್ಲ.

ಸೀಟಿನಲ್ಲಿ ಕುಳಿತು ಬಗ್ಗಿ ತೋರಿಸಿ ಎಂದರು. ಎದೆ ಮೊಣಕಾಲಿಗೆ ತಾಗುವಷ್ಟು ಬಗ್ಗಿದೆ. ಕಟ್ಟೆಯ ಮೇಲಿಂದ ಅವರ ದನಿ ಕೇಳಿತು.

“ಬೆನ್ನು ಕಾಣತದ್ರಿ ಅಣ್ಣಾರ. ಎಷ್ಟ ಬಗ್ಗಿದ್ರೂ ಕಾಣತದ.”

ನಾನು ನೆಟ್ಟಗೆ ಕುಳಿತೆ. ಅವರು ಕಟ್ಟೆಯ ಮೇಲೆ ಮೊರದಲ್ಲಿದ್ದ ಜೋಳವನ್ನು ಒಳಗಿಟ್ಟು, ಬಾಗಿಲಿಗೆ ಕೀಲಿ ಹಾಕಿ ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಸುರಪುರದ ಅಕ್ಕನ ಮನೆಗೆ ಬಿಡಿ ಎಂದರು. ಇಳಿಯುವಾಗ, ಗಾಡಿ ನೀವೇ ಇಟ್ಟುಕೊಳ್ಳಿ ಅಥವಾ ಯಾರಿಗಾದರೂ ಕೊಡಿ, ನನ್ನ ಕಣ್ಣಿಗೆ ಮಾತ್ರ ಬೀಳದಿರಲಿ ಎಂದರು.

ಮುದನಾಳದ ರೈತರೊಬ್ಬರು ಅದನ್ನು ಒಯ್ದರು. ವರ್ಷಗಟ್ಟಲೆ ಓಡಿಸಿದರು, ಒಂದು ದೂರೂ ಬರಲಿಲ್ಲ. ಟೀಚರ್ ಸುರಪುರದಲ್ಲೇ ನೆಲೆಸಿದರು. ಮೊದಲ ಕೆಲವು ಬೇಸಿಗೆ, ನೀರು ನಿಲ್ಲಿಸಿದಾಗಲೆಲ್ಲ ಕಾಲುವೆಯ ದಂಡೆಗೆ ಬಂದು ನಿಲ್ಲುತ್ತಿದ್ದರಂತೆ. ಹೂಳಿನಲ್ಲಿ ಏನೂ ಸಿಗಲಿಲ್ಲ. ಆಮೇಲೆ ಬರುವುದನ್ನೂ ಬಿಟ್ಟರು.