ಲಾಲಮ್ಮನನ್ನು ಹೊತ್ತ ಟ್ರ್ಯಾಲಿಗಳು

ಚಹಾದ ಅಂಗಡಿಗಳು ಈಗಷ್ಟೇ ಬಾಗಿಲು ತೆರೆಯುತ್ತಿವೆ. ಶಹಾಪುರದಿಂದ ಸುರಪುರದ ಕಡೆ ಹೋಗುವ ರಸ್ತೆಯ ಬದಿ, ಯಾಕೂಬಸಾಬರ ವೆಲ್ಡಿಂಗ್ ಅಂಗಡಿಯ ಅಂಗಳದಲ್ಲಿ ಹೊಸ ಟ್ರ್ಯಾಕ್ಟರ್ ಟ್ರ್ಯಾಲಿಯೊಂದು ನಿಂತಿದೆ. ಅದರ ಹಿಂಬಾಗಿಲಿನ ಮುಂದೆ ಗೋಣಿಚೀಲ ಹಾಸಿ ಕುಳಿತ ಪೇಂಟರ್ ಅಂಬ್ರಪ್ಪ ಸಣ್ಣ ಬ್ರಷ್ಷಿನಿಂದ ಒಬ್ಬ ಹೆಂಗಸಿನ ಹುಬ್ಬು ತಿದ್ದುತ್ತಿದ್ದಾರೆ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ತಾಯಿ ಲಾಲಮ್ಮ ಕಾಲು ಮಡಚಿ ಕುಳಿತು, ಚಹಾಕ್ಕೆ ಬನ್ ಅದ್ದಿ ತಿನ್ನುತ್ತ ಕೆಲಸ ನೋಡುತ್ತಿದ್ದಾರೆ.

“ಆ ಹೆಣ್ಣಮಗಳ ತಲಿ ಮ್ಯಾಗ ಸಿಂಬಿ ಎಲ್ಲದ? ಸಿಂಬಿ ಇಲ್ಲದ ಮಣ್ಣಿನ ಬುಟ್ಟಿ ಹೊತ್ರ ನೆತ್ತಿ ಸುಲದು ಹೋಗ್ತದ,” ಅನ್ನುತ್ತಾರೆ ಲಾಲಮ್ಮ.

“ಹೌದು ಯವ್ವ, ಮರ್ತಿದ್ದೆ. ಈಗ ಹಾಕ್ತೀನಿ,” ಅಂದ ಅಂಬ್ರಪ್ಪ ಬುಟ್ಟಿಯ ಅಡಿಯಲ್ಲಿ ಬಟ್ಟೆಯ ಸುತ್ತೊಂದನ್ನು ಬರೆಯುತ್ತಾರೆ. ತಾಯಿ ತಲೆಯಾಡಿಸಿ ಮತ್ತೆ ಬನ್ನಿನ ಕಡೆ ತಿರುಗುತ್ತಾರೆ.

ಚಿತ್ರದ ಹೆಂಗಸು ಲಾಲಮ್ಮನೇ. ಕೃಷ್ಣೆಯ ನೀರು ಹರಿಸಲು ಈ ಸೀಮೆಯಲ್ಲಿ ಕಾಲುವೆ ಅಗೆಯುತ್ತಿದ್ದಾಗ ತಲೆಯ ಮೇಲೆ ಮಣ್ಣು ಹೊತ್ತ, ಹರೆಯದ ಲಾಲಮ್ಮ. ಕೆಲವು ದಿನ ಅದು ತಾನೇ ಎಂದು ಅವರಿಗೆ ಗೊತ್ತಾಗುತ್ತದೆ. ಕೆಲವು ದಿನ ಜೊತೆಗೆ ಕೆಲಸ ಮಾಡಿದ ಗೆಳತಿ ಅನ್ನುತ್ತಾರೆ. ಬರೆಯುತ್ತಿರುವವನು ತನ್ನ ಮಗ ಎಂಬುದು ಮಾತ್ರ ಈಗೀಗ ನೆನಪಿಗೆ ಬರುವುದು ಅಪರೂಪ. “ಪೇಂಟರ್ ಮನುಷ್ಯಾ ಛಲೋ ಇದ್ದಾನ,” ಎಂದು ನನಗೆ ಪಿಸುಮಾತಿನಲ್ಲಿ ಹೇಳುತ್ತಾರೆ. “ಚಹಾ ಕೇಳೂದ್ರಾಗ ತರಸ್ತಾನ.”

ಅಂಬ್ರಪ್ಪ ನಸುಕಿನಲ್ಲೇ ಕೆಲಸಕ್ಕೆ ಕೂರುವುದಕ್ಕೆ ಕಾರಣವಿದೆ. ಗಾಡಿಗಳ ಓಡಾಟ ಶುರುವಾದರೆ ರಸ್ತೆಯ ಧೂಳು ಎದ್ದು ಹಸಿ ಬಣ್ಣಕ್ಕೆ ಅಂಟುತ್ತದೆ. ಮುಖ, ಕಣ್ಣು, ಅಕ್ಷರಗಳ ಅಂಚು ಇವೆಲ್ಲ ಅದಕ್ಕೂ ಮೊದಲೇ ಆಗಬೇಕು. ಬಿಸಿಲೇರಿದ ಮೇಲೆ ಪಕ್ಕದ ಹಲಗೆಗಳಿಗೆ ಕೆಂಪು, ಹಳದಿ ಪಟ್ಟಿ ಎಳೆಯುವ ಒರಟು ಕೆಲಸ.

ಹತ್ತಿರದ ಗೋಗಿ ಎಂಬ ಊರಿನ ಕೂಲಿಕಾರರ ಮನೆಯಲ್ಲಿ ಹುಟ್ಟಿದ ಅಂಬ್ರಪ್ಪ ಶಾಲೆ ಬಿಟ್ಟು ಸುರಪುರಕ್ಕೆ ಹೋಗಿ ಬೋರ್ಡ್ ಬರೆಯುವವರೊಬ್ಬರ ಕೈಕೆಳಗೆ ಪಳಗಿದವರು. ಮೊದಲೆರಡು ವರ್ಷ ಬ್ರಷ್ ತೊಳೆದದ್ದೇ ಕೆಲಸ. ಆಮೇಲೆ ಗುರುಗಳು ಗೆರೆ ಹಾಕಿ ಕೊಟ್ಟ ಅಕ್ಷರಗಳ ಒಳಗೆ ಬಣ್ಣ ತುಂಬಿದರು. ಕಿರಾಣಿ ಅಂಗಡಿ, ಟೇಲರ್, ಗೊಬ್ಬರದ ಅಂಗಡಿ ಹೀಗೆ ಶಹಾಪುರದ ಅರ್ಧ ಬಜಾರು ಒಂದು ಕಾಲಕ್ಕೆ ಅವರ ಅಕ್ಷರದಲ್ಲೇ ಇತ್ತು. ಫ್ಲೆಕ್ಸ್ ಬಂದದ್ದೇ ತಡ, ಬೋರ್ಡುಗಳು ಒಂದೊಂದಾಗಿ ಇಳಿದವು. ಆಗ ಕೈಹಿಡಿದದ್ದು ಟ್ರ್ಯಾಲಿಗಳು.

“ಕೆನಾಲ್ ನೀರು ಬಂತು, ಭತ್ತ ಬಂತು, ಹೊಲಕ್ಕ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿಗೆ ಟ್ರ್ಯಾಲಿ ನಾ ಮಾಡ್ತೀನಿ, ಬಣ್ಣ ಇಂವ ಹಚ್ತಾನ,” ಅನ್ನುತ್ತಾರೆ ಯಾಕೂಬಸಾಬ. ಗಿಳಿ, ಕಮಲ, ಹಾಲು ಕರೆಯುವ ಹಸು, ಮನೆದೇವರ ಹೆಸರು. ಗಿರಾಕಿ ಕೇಳಿದ್ದನ್ನು ಅಂಬ್ರಪ್ಪ ಬರೆದುಕೊಡುತ್ತಿದ್ದರು. ತಾಯಿಯ ಚಿತ್ರ ಬರೆಯಬೇಕೆಂದು ಅವರು ಎಂದೂ ಅಂದುಕೊಂಡವರಲ್ಲ.

ಲಾಲಮ್ಮನ ಮರೆವು ಸಣ್ಣದಾಗಿ ಶುರುವಾಯಿತು. ಒಲೆಯ ಮೇಲೆ ರೊಟ್ಟಿ ಹಾಕಿ ಹಿತ್ತಲಿಗೆ ಹೋಗಿ ನಿಲ್ಲುವರು. ತೀರಿಹೋದ ಗಂಡ ಇನ್ನೂ ಯಾಕೆ ಉಣ್ಣಲು ಬಂದಿಲ್ಲ ಎಂದು ಸೊಸೆ ಸುಂದ್ರಮ್ಮನನ್ನು ಕೇಳುವರು. ವಯಸ್ಸಾದ ಮೇಲೆ ಅರಳುಮರಳು ಇದ್ದದ್ದೇ ಎಂದು ಓಣಿಯವರು ಅಂದರು. ಯಾದಗಿರಿಯ ಡಾಕ್ಟರು ಮಾತ್ರ ಅಂಬ್ರಪ್ಪನನ್ನು ಕೂರಿಸಿಕೊಂಡು, ಇದು ಮಿದುಳಿನ ಕಾಯಿಲೆ, ಹೋದ ನೆನಪು ಮರಳಿ ಬರುವುದು ಕಷ್ಟ, ಅವರು ಹೇಳಿದ್ದಕ್ಕೆ ಎದುರು ವಾದಿಸಬೇಡಿ, ಸಮಾಧಾನವಾಗಿಡಿ ಎಂದು ಬಿಡಿಸಿ ಹೇಳಿದರು.

ಸಮಾಧಾನವಾಗಿಡುವುದೇ ಕಷ್ಟವಾಗಿತ್ತು. ಹೊತ್ತೇರಿದರೆ ಸಾಕು, ಲಾಲಮ್ಮ ಹಿತ್ತಲಿನ ಬುಟ್ಟಿ ಎತ್ತಿಕೊಂಡು ಹೊರಡುತ್ತಿದ್ದರು. ಕಾಲುವೆ ಕೆಲಸಕ್ಕೆ ತಡವಾಯಿತು, ಮೇಸ್ತ್ರಿ ಹಾಜರಿ ಹಾಕುವುದಿಲ್ಲ ಎಂದು ಅವರ ಗಡಿಬಿಡಿ. ಸುಂದ್ರಮ್ಮ ಹೊಲದ ಕೆಲಸಕ್ಕೆ ಹೋಗುವವರು. ಹಾಗಾಗಿ ಅಂಬ್ರಪ್ಪ ತಾಯಿಯನ್ನು ಬೆಳಿಗ್ಗೆ ಮೊದಲ ಆಟೋದಲ್ಲಿ ತಮ್ಮ ಜೊತೆಗೇ ಶಹಾಪುರಕ್ಕೆ ಕರೆತರತೊಡಗಿದರು. ಇಲ್ಲಿಯೂ ಅವರು ಎದ್ದೆದ್ದು ರಸ್ತೆಗೆ ಹೋಗುವರು.

“ಒಂದಿನ ಸಾಕಾಗಿ, ‘ಕುಂದರು ಯವ್ವ, ನಿನ್ನ ಚಿತ್ರ ತೆಗೀತೀನಿ’ ಅಂದೆ. ಸುಮ್ನ ಕುಂದರಲಿ ಅಂತ ಅಂದಿದ್ದೆ ಅಷ್ಟೇರಿ,” ಎಂದು ಅಂಬ್ರಪ್ಪ ನೆನೆಯುತ್ತಾರೆ. “ಕುಂತೇಬಿಟ್ಲು. ಸೆರಗು ಸರಿ ಮಾಡಿಕೊಂಡಳು. ‘ಕೆನಾಲ್ ಮ್ಯಾಗ ನಿಂತಂಗ ತೆಗಿ’ ಅಂದಳು. ಮುಂದಿದ್ದ ಟ್ರ್ಯಾಲಿ ಮ್ಯಾಗ ಸೀಮೆಸುಣ್ಣದಾಗ ಗೆರಿ ಹೊಡದೆ. ಆಕಿ ಹೇಳ್ತಾ ಹೋದಳು, ನಾ ಬರಕೋತ ಹೋದೆ. ಮಧ್ಯಾಹ್ನತನಕ ಒಮ್ಮೆಯೂ ಏಳಲಿಲ್ಲ.”

ಟ್ರ್ಯಾಲಿ ಕೊಂಕಲ್‌ನ ರೈತ ಬಸವಂತರಾಯರದು. ಅವರು ಕೇಳಿದ್ದು ಜೋಡಿ ಗಿಳಿ. ಅಳಿಸಿ ಗಿಳಿ ಬರೆಯೋಣವೆಂದು ಅಂಬ್ರಪ್ಪ ಬಟ್ಟೆಗೆ ಟರ್ಪೆಂಟೈನ್ ಹಾಕುವಷ್ಟರಲ್ಲಿ ಬಸವಂತರಾಯರು ಬಂದುಬಿಟ್ಟರು. ಬುಟ್ಟಿ ಹೊತ್ತ ಹೆಂಗಸನ್ನೂ ಅವಳ ಹಿಂದಿನ ಕಾಲುವೆಯನ್ನೂ ಬಹಳ ಹೊತ್ತು ನೋಡಿದರು. “ಇರ್ಲಿ ಬಿಡು. ನಮ್ಮವ್ವನೂ ಇದನ್ನೇ ಹೊತ್ತಾಳ,” ಅಂದರಂತೆ. ಅಷ್ಟೇ ಮಾತು. ಆ ಟ್ರ್ಯಾಲಿ ನೋಡಿ ಇನ್ನೊಬ್ಬರು ಬಂದರು, ಅವರನ್ನು ನೋಡಿ ಮತ್ತೊಬ್ಬರು. ಗಿಳಿಯೇ ಬೇಕೆನ್ನುವವರಿಗೆ ಇವತ್ತಿಗೂ ಗಿಳಿಯೇ. ಉಳಿದವರ ಟ್ರ್ಯಾಲಿಗಳ ಮೇಲೆ ಲಾಲಮ್ಮ ಭತ್ತ, ಹತ್ತಿ, ಮೆಣಸಿನಕಾಯಿ ಹೊತ್ತು ಊರೂರು ತಿರುಗುತ್ತಾರೆ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಅಂಬ್ರಪ್ಪನ ಅಕ್ಕ ಮಾನಮ್ಮ ಮುದನಾಳದಲ್ಲಿದ್ದಾರೆ. ತನ್ನ ಊರಿನ ರಸ್ತೆಯಲ್ಲೇ ತಾಯಿಯ ಚಿತ್ರದ ಟ್ರ್ಯಾಲಿ ಹಾದುಹೋದದ್ದನ್ನು ಕಂಡು ಮರುದಿನವೇ ಅಂಗಳಕ್ಕೆ ಬಂದರು.

“ಬುದ್ಧಿ ಸ್ಥಿರ ಇಲ್ಲದ ಅವ್ವನ್ನ ಗಾಡಿ ಹಿಂದ ಹಚ್ಚಿ ಮಂದಿಗೆ ತೋರಸಾಕತ್ತೀಯೇನು?” ಎಂದು ತಮ್ಮನನ್ನು ಕೇಳಿದರು.

“ಮಂದಿ ನಗಾಕತ್ತಿಲ್ಲಕ್ಕ,” ಅಂದರು ಅಂಬ್ರಪ್ಪ.

“ನಿನ್ನ ಮುಂದ ನಗೂದಿಲ್ಲ,” ಅಂದ ಮಾನಮ್ಮ, ತಾಯಿಗೆ ತಂದಿದ್ದ ಹೋಳಿಗೆಯ ಡಬ್ಬಿ ಕೊಟ್ಟು, ತಮ್ಮನ ಕೈಯ ಚಹಾ ಮುಟ್ಟದೆ ಹೊರಟುಹೋದರು. ಆ ಮಾತು ಅಂಬ್ರಪ್ಪನನ್ನು ಕೊರೆಯಿತು. ಕೆಲವು ವಾರ ಬರೀ ಹೂವು, ಗಿಳಿ ಬರೆದರು. ತಾಯಿ ಮತ್ತೆ ಎದ್ದೆದ್ದು ರಸ್ತೆಗೆ ಹೋಗತೊಡಗಿದರು.

ಹತ್ತಿ ಬಿಡಿಸುವ ಕಾಲದಲ್ಲಿ ಒಂದು ದಿನ ಅಂಬ್ರಪ್ಪ ಶಾಲೆಯ ಗೋಡೆ ಬರೆಯಲು ಸುರಪುರಕ್ಕೆ ಹೋಗಿದ್ದರು. ತಾಯಿಯನ್ನು ನೋಡಿಕೊಳ್ಳುತ್ತೇನೆಂದು ಯಾಕೂಬಸಾಬ ಹೇಳಿದ್ದರು. ಕಬ್ಬಿಣಕ್ಕೆ ಬೆಸುಗೆ ಹಾಕಿ ಕಣ್ಣಿನ ಮುಂದಿನ ಮುಖವಾಡ ಸರಿಸಿದಾಗ ಕುರ್ಚಿ ಖಾಲಿ.

“ಅಂಗಡಿ ಹಂಗ ಬಿಟ್ಟು ಓಡೀದೆರಿ. ಬಸ್‌ಸ್ಟ್ಯಾಂಡ್, ಬಜಾರ, ಆಸ್ಪತ್ರಿ, ಎಲ್ಲೂ ಇಲ್ಲ,” ಅನ್ನುವಾಗ ಯಾಕೂಬಸಾಬರ ದನಿ ಇವತ್ತಿಗೂ ಇಳಿಯುತ್ತದೆ.

ಎಲ್ಲರ ಮನಸ್ಸಿಗೂ ಮೊದಲು ಬಂದದ್ದು ಕಾಲುವೆ. ಲಾಲಮ್ಮ ದಿನವೂ ಹೊರಡುತ್ತಿದ್ದದ್ದು ಅಲ್ಲಿಗೇ, ಆ ವಾರ ನೀರೂ ತುಂಬಿ ಹರಿಯುತ್ತಿತ್ತು. ಹೊಲದಿಂದ ಹಾಗೇ ಎದ್ದುಬಂದ ಸುಂದ್ರಮ್ಮ, ಸೊಂಟಕ್ಕೆ ಕಟ್ಟಿದ ಹತ್ತಿಯ ಚೀಲವನ್ನೂ ಬಿಚ್ಚದೆ, ದಂಡೆಯ ಮೇಲೆ ಬಟ್ಟೆ ತೊಳೆಯುವವರನ್ನೆಲ್ಲ ಕೇಳುತ್ತ ನಡೆದರು. ಎದುರು ದಂಡೆಯಲ್ಲಿ ಸುರಪುರದಿಂದ ಬಂದ ಅಂಬ್ರಪ್ಪ. “ನೀರು ನೋಡಾಕ ಧೈರ್ಯ ಆಗಲಿಲ್ಲರಿ. ನೋಡದ ಇರಾಕೂ ಆಗಲಿಲ್ಲ,” ಅನ್ನುತ್ತಾರೆ ಅವರು.

ಮಧ್ಯಾಹ್ನ ದಾಟಿದ ಮೇಲೆ ಅವರ ಫೋನ್ ರಿಂಗಾಯಿತು. ಕೊಂಕಲ್‌ನಲ್ಲಿ ಚಹಾದ ಅಂಗಡಿ ನಡೆಸುವ ಹಜರಾಬೀ ಎಂಬುವರು.

“ನೀವು ಟ್ರ್ಯಾಲಿ ಬರಿಯೋ ಪೇಂಟರ್ ಏನ್ರಿ? ನಿಮ್ಮ ಚಿತ್ರದಾಗಿನ ಹೆಣ್ಣಮಗಳು ನಮ್ಮ ಹೋಟೆಲ್‌ನ್ಯಾಗ ಕುಂತಾಳ್ರಿ.”

ಲಾಲಮ್ಮ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕೂಲಿಹೆಂಗಸರ ಗುಂಪಿನ ಜೊತೆ ಬಸ್ ಹತ್ತಿದ್ದರು. ಅವರ ಕಡೆಯವರೇ ಎಂದು ಕಂಡಕ್ಟರ್ ತಿಳಿದ. ಕೊಂಕಲ್‌ನಲ್ಲಿ ಎಲ್ಲರೂ ಇಳಿದಾಗ ತಾವೂ ಇಳಿದರು. ರಸ್ತೆಯ ಬದಿಗೆ ಬಸವಂತರಾಯರ ಟ್ರ್ಯಾಲಿ ನಿಂತಿತ್ತು. ಅದರ ಹಿಂದೆ ನಿಂತು ಲಾಲಮ್ಮ ಯಾರನ್ನೋ ಗದರುತ್ತಿದ್ದುದು ಹಜರಾಬೀ ಅವರ ಕಿವಿಗೆ ಬಿತ್ತು.

“‘ಊಟದ ಹೊತ್ತಾತು, ಬುಟ್ಟಿ ಇಳಸು’ ಅಂತ ಆ ಚಿತ್ರಕ್ಕ ಹೇಳಾಕತ್ತಿದ್ಳರಿ,” ಎಂದು ಹಜರಾಬೀ ನನಗೆ ಫೋನಿನಲ್ಲಿ ನಗುತ್ತ ಹೇಳುತ್ತಾರೆ. “ರೊಟ್ಟಿ ಪಲ್ಯ ಕೊಟ್ಟೆ. ಅರ್ಧ ರೊಟ್ಟಿ ಮುರದು ಚಿತ್ರದ ಮುಂದ ಹಿಡದಳು. ಆವಾಗ ಮಾರಿ ನೋಡ್ದೆ. ಗದ್ದದ ಮ್ಯಾಗ ಅದೇ ಹಚ್ಚಿ, ಅದೇ ಮೂರು ಚುಕ್ಕಿ. ಕೆಳಗ ನಂಬರ್ ಬರ್ದಿತ್ತಲ್ಲ, ಫೋನ್ ಹಚ್ಚೇಬಿಟ್ಟೆ.”

ಎಲ್ಲ ಪೇಂಟರುಗಳಂತೆ ಅಂಬ್ರಪ್ಪನೂ ಚಿತ್ರದ ಮೂಲೆಯಲ್ಲಿ ತಮ್ಮ ಹೆಸರು, ಊರು, ಮೊಬೈಲ್ ನಂಬರು ಬರೆಯುತ್ತಾರೆ. ಗಿರಾಕಿ ಸಿಗಲೆಂದು ಬರೆದದ್ದು. ಯಾಕೂಬಸಾಬರ ಮೋಟಾರ್‌ಸೈಕಲ್ಲಿನಲ್ಲಿ ಅವರು ಕೊಂಕಲ್ ಮುಟ್ಟಿದಾಗ ಲಾಲಮ್ಮ ಹಜರಾಬೀ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಹಾಯಾಗಿದ್ದರು. ಮಗನನ್ನು ನೋಡಿ, “ಪೇಂಟರ್, ನೀ ಈ ಊರಿಗೂ ಬರ್ತೀ?” ಎಂದು ಕೇಳಿದರು. ಅಂಬ್ರಪ್ಪ ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತರು. ಲಾಲಮ್ಮ ಅವರ ಬೆನ್ನು ಸವರಿ, ಖಾರದ ಘಾಟಿಗೆ ಹಾಗಾಗುತ್ತದೆ ಎಂದು ಹಜರಾಬೀಗೆ ನೀರು ತರಲು ಹೇಳಿದರು.

ಸುದ್ದಿ ಮುದನಾಳಕ್ಕೂ ಹೋಯಿತು. ಮಾನಮ್ಮ ಬಂದರು. ಮೊದಲಿನ ಮಾತನ್ನು ಎತ್ತಲಿಲ್ಲ. ಅಂಬ್ರಪ್ಪ ಮತ್ತೆ ಶುರುಮಾಡಿ ಅರ್ಧ ಬರೆದಿದ್ದ ತಾಯಿಯ ಚಿತ್ರದ ಮುಂದೆ ನಿಂತು, “ಈ ಸೀರಿ ಹಸಿರ ಯಾಕ ಹಾಕೀದಿ? ಅವ್ವ ಕೆನಾಲಿಗೆ ಉಡತಿದ್ದದ್ದು ಇಟ್ಟಂಗಿ ಬಣ್ಣದ್ದು,” ಅಂದರು. ಅಂಬ್ರಪ್ಪನಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಕಾಲುವೆ ಅಗೆಯುವಾಗ ಅವರು ಜೋಳಿಗೆಯ ಕೂಸು. ಬೇವಿನ ಗಿಡಕ್ಕೆ ಕಟ್ಟಿದ ಆ ಜೋಳಿಗೆ ತೂಗುತ್ತಿದ್ದವರೇ ಮಾನಮ್ಮ. ಅವತ್ತು ಅಕ್ಕ ಸಂಜೆವರೆಗೂ ಕುಳಿತು, ಗುಡಾರಗಳು ಎಲ್ಲಿದ್ದವು, ಹೆಂಗಸರು ಹೇಗೆ ಸಾಲುಗಟ್ಟಿ ಏರುತ್ತಿದ್ದರು, ನೀರಿನ ಹರವಿ ಎಲ್ಲಿ ಇಡುತ್ತಿದ್ದರು ಎಲ್ಲ ಹೇಳಿದರು. ಅಂಬ್ರಪ್ಪ ಚಹಾ ತರಿಸಿದಾಗ ಕುಡಿದರು, ಸಕ್ಕರೆ ಕಡಿಮೆಯಾಯಿತೆಂದು ಇನ್ನೊಂದು ಕೇಳಿ ಕುಡಿದರು. ಅಂದಿನಿಂದ ಟ್ರ್ಯಾಲಿಗಳ ಮೇಲಿನ ಲಾಲಮ್ಮ ಇಟ್ಟಿಗೆ ಬಣ್ಣದ ಸೀರೆಯವರು. ಕೆಲವು ಚಿತ್ರಗಳಲ್ಲಿ ಹಿಂದೆ ಒಂದು ಬೇವಿನ ಗಿಡವಿದೆ, ಜೋಳಿಗೆ ತೂಗುವ ಹುಡುಗಿಯೂ ಇದ್ದಾಳೆ.

ಈಗಿನ ಲಾಲಮ್ಮನನ್ನು ಯಾಕೆ ಬರೆಯುವುದಿಲ್ಲ ಎಂದು ನಾನು ಕೇಳುತ್ತೇನೆ. ಅಂಬ್ರಪ್ಪ ನಗುತ್ತಾರೆ.

“ಒಮ್ಮೆ ಬರದಿದ್ದೆರಿ. ನೆರಿಗಿ, ಬಿಳಿ ಕೂದಲ, ಈ ಕುರ್ಚಿ, ಎಲ್ಲ. ‘ಯಾರಪ್ಪ ಈ ಮುದುಕಿ, ದಣದಾಳ, ಒಂದು ಕಪ್ ಚಹಾ ಕೊಡು’ ಅಂದಳು. ಆಕಿ ಹೆಸರಲೆ ನಾನ ಕುಡದೆ.”

ಆದರೂ ಅವರ ಮನಸ್ಸಿನಲ್ಲಿ ಒಂದು ಆಸೆ ಉಳಿದಿದೆ. ಗೋಗಿಯ ಮನೆಯ ಮುಂದಿನ ಗೋಡೆಗೆ ಈ ಸಲ ಸುಣ್ಣ ಹಚ್ಚಿಸಿ, ಅದರ ಮೇಲೆ ಇವತ್ತಿನ ಅವ್ವನನ್ನು ಆಳೆತ್ತರ ಬರೆಯಬೇಕು. “ಟ್ರ್ಯಾಲಿ ಮ್ಯಾಗ ಆಕಿ ಹೇಳಿದ ಲಾಲಮ್ಮ ಇರ್ಲಿ. ಮನಿ ಮ್ಯಾಗ ನಾ ದಿನಾ ನೋಡೋ ಲಾಲಮ್ಮ ಇರಬೇಕು,” ಅನ್ನುತ್ತಾರೆ. ಸುಂದ್ರಮ್ಮ ಆಗಲೇ ಒಪ್ಪಿ, ಗೋಡೆಗೆ ಒರಗಿಸಿದ್ದ ಕಟ್ಟಿಗೆ ತೆಗೆಸಿದ್ದಾರಂತೆ.

ಅಷ್ಟರಲ್ಲಿ ರಸ್ತೆಯಲ್ಲಿ ಮೊದಲ ಬಸ್ಸುಗಳು ಓಡತೊಡಗಿವೆ. ಅಂಬ್ರಪ್ಪ ಮುಖದ ಕೆಲಸ ಮುಗಿಸಿ ಬ್ರಷ್ ತೊಳೆಯುತ್ತಾರೆ. ಲಾಲಮ್ಮ ಕುರ್ಚಿಯಿಂದ ಬಾಗಿ ಚಿತ್ರವನ್ನು ಹತ್ತಿರದಿಂದ ನೋಡಿ, ಆಮೇಲೆ ಅವರನ್ನು ನೋಡುತ್ತಾರೆ.

“ಯಾರ ಮಗನಪ್ಪ ನೀನು?”

“ಗೋಗಿ ಲಾಲಮ್ಮನ ಮಗ ನಾನು.”

ಲಾಲಮ್ಮ ಮತ್ತೊಮ್ಮೆ ಚಿತ್ರದ ಕಡೆ ನೋಡುತ್ತಾರೆ. “ಲಾಲಮ್ಮ ಗಟ್ಟಿ ಕೆಲಸದಾಕಿ,” ಅನ್ನುತ್ತಾರೆ. “ನಿನಗೂ ಆಕಿ ಕೈಯೇ ಬಂದದ.”